ಒಂಬತ್ತು ಮಂದಿ ಬಡಿಸಿದ ಊಟ

"ಹನ್ನೆರಡು ಜನರ ಕೈಯಲ್ಲಿ ಇಪ್ಪತ್ತನಾಲ್ಕು ಜನರ ಕೆಲಸ ತೆಗೆಯುತ್ತೇನೆ, ಮಹಾಪ್ರಭು! ಅಂಥ ಶಾಸ್ತ್ರ ನನ್ನ ಬಳಿ ಇದೆ."

ಕರಿಬಂಡೆ ಸಂಸ್ಥಾನದ ದೊರೆ ಮುದ್ದಲಿಂಗನಾಯಕನ ಎದುರು ನಿಂತು ವಾಮದೇವ ಪಂಡಿತ ಹೀಗೆ ಎದೆ ತಟ್ಟಿಕೊಂಡ. ದೊರೆಗೆ ಹೊಸ ಶಾಸ್ತ್ರ ಎಂದರೆ ಪ್ರಾಣ.

"ಯಾವ ಶಾಸ್ತ್ರ ಪಂಡಿತರೇ?"

"ಕಾರ್ಯನಿರ್ವಹಣಾ ಶಾಸ್ತ್ರ. ಅದಕ್ಕೆ ನಾಲ್ಕು ಅಂಗ. ಯೋಜನೆ, ಸಂಘಟನೆ, ನಿರ್ದೇಶನ, ನಿಯಂತ್ರಣ."

ಮೂಲೆಯಲ್ಲಿ ಕುಳಿತಿದ್ದ ಆಸ್ಥಾನದ ವಿನೋದಗಾರ ತಿಪ್ಪರಸ ಬೆರಳು ಮಡಚುತ್ತ ಎಣಿಸಿದ. "ನಾಲ್ಕಾಯಿತು. ಇದರಲ್ಲಿ ಕೆಲಸ ಎಲ್ಲಿ ಬಂತು?"

"ಅದು ಕೆಳಗಿನವರದು," ಎಂದ ಪಂಡಿತ ಮೂಗು ಮೇಲೆತ್ತಿ.

ದೊರೆ ಮೆಚ್ಚಿ ಆಗಲೇ ಶಾಲು ಹೊದಿಸಿದ. ಅರಮನೆಯ ಕಂಬಳಿ ಮಗ್ಗಗಳನ್ನು ಅವನ ವಶಕ್ಕೆ ಕೊಟ್ಟ. ಬೆಟ್ಟದ ಕೋಟೆಯ ಕಾವಲುಗಾರರಿಗೆ ಚಳಿಗಾಲಕ್ಕೆ ಮುಂಚೆ ಕಂಬಳಿ ಹೋಗಬೇಕಿತ್ತು. ಹನ್ನೆರಡು ನೇಕಾರರು ತಿಂಗಳಿಗೆ ಇಪ್ಪತ್ತನಾಲ್ಕು ಕಂಬಳಿ ನೇಯುತ್ತಿದ್ದರು. ಪಂಡಿತ ನಲವತ್ತೆಂಟರ ಮಾತು ಕೊಟ್ಟ.

ತಿಂಗಳು ಕಳೆಯಿತು. ಬಂದದ್ದು ಎರಡೇ ಕಂಬಳಿ. ಅದರ ಜೊತೆಗೆ ಸೊಂಟದೆತ್ತರ ಓಲೆಗರಿಯ ರಾಶಿ.

"ಇದೇನಿದು?" ದೊರೆ ಗುಡುಗಿದ.

"ವರದಿ, ಮಹಾಪ್ರಭು. ನನ್ನ ಶಾಸ್ತ್ರದಲ್ಲಿ ಎಳ್ಳಷ್ಟೂ ಲೋಪವಿಲ್ಲ. ಯೋಜನೆ ಪೂರ್ಣ. ಸಂಘಟನೆ ಪೂರ್ಣ. ನಿರ್ದೇಶನ, ನಿಯಂತ್ರಣ ಅತ್ಯುತ್ತಮ. ತಪ್ಪೆಲ್ಲ ಮಗ್ಗದಲ್ಲಿ ಕುಳಿತ ಮೂವರದು. ಶುದ್ಧ ಸೋಮಾರಿಗಳು!"

"ಹಾಗಾದರೆ ಆ ಸೋಮಾರಿಗಳು ಹೆಂಡಿರು ಮಕ್ಕಳ ಸಮೇತ ಮೂರು ದಿನದಲ್ಲಿ ಗಡಿ ದಾಟಲಿ!"

ಆ ಮೂವರಲ್ಲಿ ಹಿರಿಯ ಮಾಳಪ್ಪ. ನಲವತ್ತು ವರ್ಷದಿಂದ ಅರಮನೆಗೆ ಕಂಬಳಿ ನೇಯ್ದವನು. ಅವನು ತಿಪ್ಪರಸನ ಮನೆ ಬಾಗಿಲಿಗೆ ಬಂದು ತಲೆವಸ್ತ್ರ ಕೈಯಲ್ಲಿ ಹಿಡಿದು ನಿಂತ.

"ನಾವು ಸೋಮಾರಿಗಳಲ್ಲ ಬುದ್ಧಿ. ಹನ್ನೆರಡು ಜನರಲ್ಲಿ ಒಂಬತ್ತು ಜನರನ್ನ ಮಗ್ಗದಿಂದ ಎಬ್ಬಿಸಿ ಮೇಲ್ವಿಚಾರಕರನ್ನ ಮಾಡವ್ರೆ. ಲಾಳಿ ಎಸೆಯೋಕೆ ಮುಂಚೆ ಇಬ್ಬರ ಅಪ್ಪಣೆ ಬೇಕು, ಎಸೆದ ಮೇಲೆ ಮೂವರಿಗೆ ಲೆಕ್ಕ ಒಪ್ಪಿಸಬೇಕು. ಒಬ್ಬ ಬಿಗಿ ನೇಯಿ ಅಂತಾನೆ, ಇನ್ನೊಬ್ಬ ಸಡಿಲ ಬಿಡು ಅಂತಾನೆ. ನೇಯ್ದಿದ್ದನ್ನ ಬಿಚ್ಚಿ ಬಿಚ್ಚಿ ಕೈ ಸೋತೋಯ್ತು. ನನ್ನ ಸೊಸೆ ತುಂಬು ಬಸುರಿ ಬುದ್ಧಿ. ಅವಳನ್ನ ಕರಕೊಂಡು ಎಲ್ಲಿಗೆ ಹೋಗ್ಲಿ?"

ತಿಪ್ಪರಸ ಯೋಚಿಸಿದ. ಪಂಡಿತ ದಡ್ಡ ಎಂದು ನೇರವಾಗಿ ಹೇಳಿದರೆ, ಶಾಲು ಹೊದಿಸಿದ ದೊರೆಯೂ ದಡ್ಡ ಎಂದಂತಾಗುತ್ತದೆ. ಆ ಮಾತನ್ನು ಯಾವ ದೊರೆ ಕೇಳುತ್ತಾನೆ?

"ಗಂಟು ಕಟ್ಟಬೇಡ ಮಾಳಪ್ಪ. ನಾಳೆ ಸಂಜೆಯವರೆಗೆ ತಡಿ," ಎಂದು ಅವನನ್ನು ಕಳಿಸಿದ.

ಮರುದಿನ ಆಸ್ಥಾನದಲ್ಲಿ ತಿಪ್ಪರಸ ಪಂಡಿತನಿಗೆ ಅಡ್ಡಬಿದ್ದ. "ತಮ್ಮ ಶಾಸ್ತ್ರಕ್ಕೆ ಶರಣು! ಇವತ್ತು ನಮ್ಮ ಮನೆಯಲ್ಲಿ ತಮಗೆ ಊಟ. ದೊರೆಗಳೂ ದಯಮಾಡಿಸಬೇಕು. ಒಂದು ಅನುಮಾನ ಪಂಡಿತರೇ, ತಮ್ಮ ಶಾಸ್ತ್ರ ಊಟಕ್ಕೂ ಅನ್ವಯಿಸುತ್ತದೆಯೇ?"

"ಊಟವೇನು, ಯುದ್ಧಕ್ಕೂ ಅನ್ವಯಿಸುತ್ತದೆ!"

"ಹಾಗಿದ್ದರೆ ತಾವೇ ತಯಾರು ಮಾಡಿದ ಒಂಬತ್ತು ಮಂದಿ ಮೇಲ್ವಿಚಾರಕರನ್ನು ಕಳಿಸಿಕೊಡಿ. ಶಾಸ್ತ್ರ ತಪ್ಪದಂತೆ ಬಡಿಸೋಣ."

ಪಂಡಿತ ಉಬ್ಬಿಹೋದ. ಹಸಿವು ಚೆನ್ನಾಗಿರಲಿ ಎಂದು ಬೆಳಗಿನ ತಿಂಡಿಯನ್ನೂ ಬಿಟ್ಟ.

ಎರಡು ಎಲೆ ಬಿತ್ತು. ದೊರೆಗೆ ಅಡುಗೆಯವನೇ ಬಡಿಸಿದ. ಹೋಳಿಗೆ, ತುಪ್ಪ, ಚಿತ್ರಾನ್ನ, ಪಾಯಸ. ದೊರೆ ಹಾಯಾಗಿ ಊಟಕ್ಕೆ ಕೈಯಿಟ್ಟ.

ಪಂಡಿತನ ಎಲೆಗೂ ಅದೇ ಬಿತ್ತು. ಅವನು ಕೈ ಚಾಚುತ್ತಲೇ ಯೋಜನೆಯವನು ಓಲೆಗರಿ ಹಿಡಿದು ಅಡ್ಡ ಬಂದ.

"ಒಟ್ಟು ಎಷ್ಟು ತುತ್ತು ಸ್ವಾಮಿ?"

"ಅದನ್ನೆಲ್ಲ ಎಣಿಸುತ್ತಾರೇನಯ್ಯಾ?"

"ಎಣಿಸದೆ ಶುರು ಮಾಡಬಾರದೆಂದು ತಾವೇ ಹೇಳಿಕೊಟ್ಟಿದ್ದೀರಿ."

ಪಂಡಿತ ಬಾಯಿಗೆ ಬಂದದ್ದೊಂದು ಸಂಖ್ಯೆ ಹೇಳಿದ. ನಿರ್ದೇಶನದವನೊಬ್ಬ "ಪಾಯಸದಿಂದ ಶುರು ಮಾಡಿ" ಎಂದ. ಇನ್ನೊಬ್ಬ "ಊಹೂಂ, ಚಿತ್ರಾನ್ನದಿಂದ" ಎಂದ. ಪಂಡಿತ ಬೇಸತ್ತು ಹೋಳಿಗೆಗೇ ಕೈ ಹಾಕಿದ. ನಿಯಂತ್ರಣದವನು ಗಪ್ಪನೆ ಅವನ ಮಣಿಕಟ್ಟು ಹಿಡಿದ.

"ಪರೀಕ್ಷೆ ಆಗಿಲ್ಲ ಸ್ವಾಮಿ!"

ಅವನು ಹೋಳಿಗೆಯ ಅರ್ಧ ತಿಂದು "ಚೆನ್ನಾಗಿದೆ" ಎಂದು ಬರೆದ. ಅವನ ಪರೀಕ್ಷೆ ಸರಿಯೇ ಎಂದು ನೋಡಲು ಎರಡನೆಯವನು ಉಳಿದರ್ಧ ತಿಂದ. ಮೂರನೆಯವನಿಗೆ ಹೋಳಿಗೆ ಸಿಗಲಿಲ್ಲ, ಪಾಯಸ ಕುಡಿದ. ಚಿತ್ರಾನ್ನದ ಮೇಲೆ ಅಭಿಪ್ರಾಯಭೇದ ಬಂದು ಮೂವರೂ ಮೂರು ಸಲ ರುಚಿ ನೋಡಿದರು.

ದೊರೆ ಎರಡನೇ ಹೋಳಿಗೆ ಮುಗಿಸಿ ತೇಗಿದ. ಪಂಡಿತನ ಎಲೆಯಲ್ಲಿ ಉಪ್ಪು ಮಾತ್ರ ಉಳಿದಿತ್ತು.

"ಅನ್ಯಾಯ, ಮಹಾಪ್ರಭು!" ಪಂಡಿತ ಕೂಗಿಕೊಂಡ. "ಹೊಟ್ಟೆ ಸುಡುತ್ತಿದೆ! ಈ ಕತ್ತೆಗಳು ಒಂದು ತುತ್ತನ್ನೂ ಬಾಯಿಗೆ ಬಿಡಲಿಲ್ಲ!"

ತಿಪ್ಪರಸ ಒಂಬತ್ತು ಓಲೆಗರಿ ಕೂಡಿಸಿಕೊಂಡು ದೊರೆಯ ಮುಂದೆ ಗಂಭೀರವಾಗಿ ನಿಂತ.

"ವರದಿ, ಪ್ರಭು. ಯೋಜನೆ ಪೂರ್ಣ. ಸಂಘಟನೆ ಪೂರ್ಣ. ನಿರ್ದೇಶನ, ನಿಯಂತ್ರಣ ಅತ್ಯುತ್ತಮ. ಉಣ್ಣಬೇಕಾದವರು ಮಾತ್ರ ಒಂದು ತುತ್ತೂ ಉಂಡಿಲ್ಲ. ಶುದ್ಧ ಸೋಮಾರಿ! ಇವರನ್ನು ಯಾವ ಗಡಿ ದಾಟಿಸೋಣ?"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತಲೇ ಅವನ ಮುಖ ಸಣ್ಣದಾಯಿತು.

"ತಿಪ್ಪರಸ, ಈ ಒಂಬತ್ತು ಮಂದಿ ಯಾರು?"

"ಹೋದ ತಿಂಗಳವರೆಗೆ ತಮ್ಮ ನೇಕಾರರು, ಪ್ರಭು."

ಒಂಬತ್ತು ಮಂದಿಯೂ ನೆಲ ನೋಡುತ್ತಿದ್ದರು. ದೊರೆ ಎದ್ದು ಕೈ ತೊಳೆದ. ಮಾಳಪ್ಪನನ್ನು ಕರೆಸಿ, ಗಡೀಪಾರಿನ ಆಜ್ಞೆಯನ್ನು ಅವನೆದುರೇ ಹರಿದು ಹಾಕಿದ. ಒಂಬತ್ತು ಮಂದಿಯನ್ನೂ ಮಗ್ಗಕ್ಕೆ ಅಟ್ಟಿದ. ಪಂಡಿತನನ್ನು ಉಣ್ಣೆಯ ಕಸ ಆರಿಸಲು ಕೂರಿಸಿದ. ಚಳಿ ಏರುವ ಮೊದಲೇ ಬೆಟ್ಟದ ಕೋಟೆಗೆ ಕಂಬಳಿ ತಲುಪಿತು.

ಸಂತೋಷಗೊಂಡ ದೊರೆ ತಿಪ್ಪರಸನಿಗೆ ಹೊಸ ಮುಂಡಾಸು ಸುತ್ತಿಸಿ ಹೇಳಿದ: "ಆದರೂ ಮಗ್ಗಗಳಿಗೆ ಒಬ್ಬ ಯಜಮಾನ ಬೇಕಲ್ಲ. ನೀನೇ ಆಗಿಬಿಡು."

"ಮಾಳಪ್ಪನನ್ನೇ ಮಾಡಿ, ಪ್ರಭು," ಎಂದ ತಿಪ್ಪರಸ. "ನಾನಾದರೆ ದಿನಾ ಬೆಳಿಗ್ಗೆ ಅವನ ಹತ್ತಿರ ಹೋಗಿ ಏನು ಮಾಡಬೇಕೆಂದು ಗುಟ್ಟಾಗಿ ಕೇಳಿಕೊಂಡು, ಆಮೇಲೆ ಎಲ್ಲರೆದುರು ಅದನ್ನೇ ಅವನಿಗೆ ಗದರಿಸಿ ಹೇಳಬೇಕಾಗುತ್ತದೆ."