ಹೊಳ್ಳಿನೋಡು ಬಂಡೆ

ಕೆಸರಹಾಳದಿಂದ ಬಿದರಗುಂಡಿಗೆ ಹೋಗುವ ಹಳೆಯ ಕಾಲುದಾರಿ ಕರೇಹಳ್ಳಕ್ಕೆ ಇಳಿಯುವ ಕಡೆ, ನಮ್ಮ ದಂಡೆಯ ಮೇಲೆ, ಆಳೆತ್ತರದ ಒಂದು ಕಪ್ಪು ಬಂಡೆ ಇದೆ. ಅದರ ನೆತ್ತಿ ಸಪಾಟಾಗಿದೆ, ಇಬ್ಬರು ನಿಲ್ಲಬಹುದು. ಮೇಲುಗಡೆ ಸೇತುವೆಯಾದ ಮೇಲೆ ಈ ದಾರಿಯಲ್ಲಿ ನಡೆಯುವವರು ಕಡಿಮೆಯಾದರು. ಆದರೂ ಮೋಟರ್ ಸೈಕಲ್ಲಿನ ಮೇಲೆ ಬರುವ ಹುಡುಗರು ಬಂಡೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ, ಹೆಸರು ಕೇಳುತ್ತಾರೆ. ಹೊಳ್ಳಿನೋಡು ಬಂಡೆ ಎಂದರೆ ಸಾಕು, ಇಲ್ಲಿಂದ ನೋಟ ಚೆಂದ ಕಾಣುತ್ತದೆ, ಅದಕ್ಕೇ ತಿರುಗಿ ನೋಡಬೇಕು ಎಂದು ತಾವೇ ಅರ್ಥ ಮಾಡಿಕೊಂಡು ಹೊರಟುಬಿಡುತ್ತಾರೆ. ಅವರಿಗೆ ಬುದ್ಧಿ ಹೇಳುವ ಉಸಾಬರಿ ನಾನು ಬಿಟ್ಟು ಬಹಳ ದಿನವಾಯಿತು. ನಮ್ಮ ಹಿರಿಯರು ಮಾತ್ರ ಈ ಹೆಸರನ್ನು ಸಂಜೆ ಹೊತ್ತು ಎತ್ತುತ್ತಿರಲಿಲ್ಲ. ಎತ್ತಿದರೆ ಮಕ್ಕಳು ನೀರು ಕುಡಿಯಲು ಹೆದರುತ್ತವೆ ಎನ್ನುತ್ತಿದ್ದರು.

ಹಿಂದೆ ಒಮ್ಮೆ, ಹಳ್ಳಕ್ಕೆ ಸೇತುವೆ ಎಂಬುದನ್ನು ಯಾರೂ ಕನಸಿನಲ್ಲಿಯೂ ಕಾಣದ ಕಾಲದಲ್ಲಿ, ಕೆಸರಹಾಳದಲ್ಲಿ ಭರಮಪ್ಪ ಎಂಬ ರೈತನಿದ್ದ. ಅವನ ಹಟ್ಟಿಯಲ್ಲಿ ಎರಡು ಕರೆಯುವ ಎಮ್ಮೆಗಳಿದ್ದವು. ಒಂದು ಶ್ರಾವಣದಲ್ಲಿ ಬಿದರಗುಂಡಿಯ ಕಲ್ಲವ್ವ ಎಂಬ ವಿಧವೆ ಅವನ ಮನೆ ಹುಡುಕಿಕೊಂಡು ಬಂದಳು. ಅವಳ ಒಬ್ಬಳೇ ಮಗಳು ಹೆರಿಗೆಯಲ್ಲಿ ತೀರಿಕೊಂಡು, ಕಣ್ಣು ಬಿಡದ ಕೂಸು ಅಜ್ಜಿಯ ಮಡಿಲಿಗೆ ಬಿದ್ದಿತ್ತು. ನೆರೆಯವರು ಕೊಟ್ಟ ಮೇಕೆ ಹಾಲಿನಲ್ಲಿ ಎಷ್ಟು ದಿನ ನಡೆದೀತು? ಮನೆಯಲ್ಲೇ ಕರೆಯುವ ಒಂದು ಎಮ್ಮೆ ಬೇಕಾಗಿತ್ತು. ಸಂತೆಯಲ್ಲಿ ಕೊಂಡರೆ ಹತ್ತು ಕಣ್ಣು ನೋಡುತ್ತವೆ, ದಲಾಲಿಗಳು ಬಾಯಿ ಬಿಡಿಸಿ, ಬಾಲ ಎತ್ತಿ, ಇಲ್ಲದ ದೋಷವನ್ನೂ ಹುಡುಕುತ್ತಾರೆ. ಮನೆಬಾಗಿಲಲ್ಲಿ ಕೊಂಡರೆ ಮಾರುವವನ ಮಾತೇ ಸಾಕ್ಷಿ. ಕಲ್ಲವ್ವ ಎಮ್ಮೆಯ ಮೈದಡವಿ, ಕೆಳದುಟಿಯ ಮೇಲಿದ್ದ ಒಣಗಿದ ಗಾಯ ಕಂಡು ಇದೇನೆಂದು ಕೇಳಿದಳಂತೆ. ಜಾಲಿಮುಳ್ಳು ಗೀರಿದ್ದು ಎಂದ ಭರಮಪ್ಪ.

ಅದು ಪೂರಾ ಸುಳ್ಳೆಂದು ಹೇಳಲಾರೆ, ಪೂರಾ ನಿಜವೂ ಅಲ್ಲ. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಒಂದು ಬೆಳಗಿನ ಜಾವ ನರಿಯೊಂದು ಓಣಿಗೆ ನುಗ್ಗಿತ್ತು. ಮನುಷ್ಯರನ್ನು ಕಂಡು ಓಡದೆ ಓಲಾಡುತ್ತ ನಡೆದ ನರಿ. ನೆರೆಮನೆಯ ನಾಯಿ ಅದರ ಮೇಲೆ ಬಿದ್ದು ಕಚ್ಚಾಡಿ ಅಟ್ಟಿಬಿಟ್ಟಿತು. ಬೆಳಕು ಹರಿದಾಗ ಎಮ್ಮೆಯ ತುಟಿಯಲ್ಲಿ ರಕ್ತ ಒಸರುತ್ತಿತ್ತು. ಭರಮಪ್ಪ ಅರಿಶಿಣ ಹಚ್ಚಿದ, ಗಾಯ ಮಾಯಿತು. ಮುಳ್ಳೇ ಇರಬೇಕು ಎಂದು ಮೊದಲು ತನಗೆ ತಾನೇ ಹೇಳಿಕೊಂಡ, ಆಮೇಲೆ ಹೆಂಡತಿಗೆ, ಕೊನೆಗೆ ಕಲ್ಲವ್ವನಿಗೆ. ಮೂರನೆಯವರಿಗೆ ಹೇಳುವ ಹೊತ್ತಿಗೆ ಮಾತಿಗೆ ಒಳ್ಳೆಯ ರೂಢಿಯಾಗಿತ್ತು.

ವ್ಯಾಪಾರ ಮುಗಿದು ಕಲ್ಲವ್ವ ಎಮ್ಮೆ, ಕರು ಹೊಡೆದುಕೊಂಡು ಹೊರಟಳು. ಅವಳು ಊರು ಬಿಟ್ಟು ಸ್ವಲ್ಪ ಹೊತ್ತಿಗೇ ನೆರೆಮನೆಯಲ್ಲಿ ಗದ್ದಲವೆದ್ದಿತು. ನರಿಯೊಡನೆ ಕಚ್ಚಾಡಿದ್ದ ಆ ನಾಯಿ ಜೊಲ್ಲು ಸುರಿಸುತ್ತ, ಕೊರಳು ಒಡೆದ ದನಿಯಲ್ಲಿ ಊಳಿಡುತ್ತ, ತನ್ನ ಯಜಮಾನನನ್ನೇ ಕಚ್ಚಲು ಹೋಗಿತ್ತು. ಜನ ಕೋಲು ಹಿಡಿದು ಅದನ್ನು ಕೊಂದರು. ಆ ನರಿಗೆ ಹುಚ್ಚು ಹಿಡಿದಿತ್ತೆಂದು ಹೊಳೆದು ಭರಮಪ್ಪನಿಗೆ ಎಮ್ಮೆಯ ತುಟಿಯ ಗಾಯ ನೆನಪಾಯಿತು. ತಲೆಗೆ ಸುತ್ತಿದ ಪಟಕಾ ಬಿದ್ದದ್ದೂ ತಿಳಿಯದೆ ಹಳ್ಳದ ಕಡೆ ಓಡಿದ. ಮೇಲ್ಸೀಮೆಯಲ್ಲಿ ಮಳೆಯಾಗಿ ಹಳ್ಳ ಕೆಂಪಾಗಿ ಏರುತ್ತಿತ್ತು, ಕಲ್ಲವ್ವ ಆಗಲೇ ಆಚೆ ದಂಡೆ ಹತ್ತಿದ್ದಳು. ಅವನು ಈ ಬಂಡೆಯ ಮೇಲೆ ಹತ್ತಿ ನಿಂತು ಕೂಗಿದ. ಅವಳ ಹೆಸರು ಹಿಡಿದು ಕೂಗಿದ, ಹಾಲು ಕರೆಯಬೇಡ ಎಂದು ಕೂಗಿದ, ಗಂಟಲು ಹರಿಯುವ ತನಕ ಕೂಗಿದ. ಕಲ್ಲವ್ವ ತಿರುಗಲಿಲ್ಲ. ಹೆಜ್ಜೆಯನ್ನು ಇನ್ನಷ್ಟು ಬಿರುಸು ಮಾಡಿ ಜಾಲಿಗಿಡಗಳ ಮರೆಯಾದಳು.

ಏಕೆ ತಿರುಗಲಿಲ್ಲ ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಬೇಕು. ಕೊಂಡ ದನ ಹೊಡೆದುಕೊಂಡು ಹೋಗುವಾಗ ಮಾರಿದವನು ಹಿಂದಿನಿಂದ ಕರೆದರೆ ಓಗೊಡಬಾರದು, ತಿರುಗಿ ನೋಡಬಾರದು ಎಂದು ಆಗಿನ ಕಟ್ಟಳೆ. ತಿರುಗಿದರೆ ದನವೂ ತಿರುಗುತ್ತದೆ, ಅದರ ಜೀವ ಹಳೆಯ ಹಟ್ಟಿಯಲ್ಲೇ ಉಳಿದು ಹಾಲು ಬತ್ತುತ್ತದೆ ಎಂದು ನಂಬುತ್ತಿದ್ದರು. ಮಾರಿದವನು ಕರೆಯುವುದೂ ಮನಸ್ಸು ಬದಲಿಸಿ ದನ ಮರಳಿ ಕೇಳುವುದಕ್ಕೇ ಎಂಬುದು ಎಲ್ಲರ ಅನುಭವ. ಕೂಸಿನ ಹಾಲು ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿ ತಿರುಗುವುದೆಂದರೇನು?

ಭರಮಪ್ಪ ಮನೆಗೆ ಬಂದು ಕುಸಿದು ಕೂತ. ಹಳ್ಳ ಬಂದಿದೆ, ನನ್ನ ಕೈಲಿ ಏನಿದೆ, ಮಾರಿದ ಮೇಲೆ ಋಣ ಹರಿಯಿತು ಎಂದು ಗೊಣಗಿದ. ಹಳ್ಳ ಬಂದದ್ದು ಅವನ ಮನಸ್ಸಿನ ಒಂದು ಮೂಲೆಗೆ ಸಮಾಧಾನವೂ ಆಗಿತ್ತು ಎನ್ನುತ್ತಾರೆ, ಮನುಷ್ಯನ ಮನಸ್ಸು ಅಂಥದ್ದು. ಹೆಂಡತಿ ಗುರುಬಸವ್ವ ನೆಲುವಿನ ಮೇಲಿನ ಮೊಸರಿನ ಗಡಿಗೆ ನೋಡುತ್ತ ನಿಂತಿದ್ದಳು. ಆ ಮೊಸರು ಅದೇ ಎಮ್ಮೆಯದು.

"ಅದರ ಹಾಲು ನಾವೂ ಕುಡದೇವಿ," ಎಂದಳು. "ನಮಗ ಹೆದರಾಕರ ಗೊತ್ತೈತಿ. ಆಕಿಗೆ ಅದೂ ಗೊತ್ತಿಲ್ಲ."

ಆ ಮಾತು ಅವನನ್ನು ಕೂರಲು ಬಿಡಲಿಲ್ಲ. ಹೊಸ ಎಮ್ಮೆ ಬಂದ ಮನೆಯಲ್ಲಿ ಮೊದಲ ಕೆಲವು ದಿನದ ಹಾಲು ಊರದೇವತೆಗೆ ಮೀಸಲು, ಮನೆಯವರು ಮುಟ್ಟುವುದಿಲ್ಲ. ಮೀಸಲು ಮುಗಿಯುವುದರೊಳಗೆ ಹಳ್ಳ ಇಳಿದರೆ ಕೂಸು ಉಳಿಯುತ್ತದೆ, ಇಳಿಯದಿದ್ದರೆ ಇಲ್ಲ. ಭರಮಪ್ಪ ಉಣ್ಣಲಿಲ್ಲ, ಮಲಗಲಿಲ್ಲ, ದಂಡೆಯಲ್ಲೇ ಕೂತ. ನೀರು ಎದೆಮಟ್ಟಕ್ಕೆ ಇಳಿಯುವುದನ್ನೂ ಕಾಯದೆ ಒಂದು ಬೆಳಿಗ್ಗೆ ಹಳ್ಳಕ್ಕೆ ಬಿದ್ದು, ಎಲ್ಲೋ ಕೆಳಗೆ ಹೋಗಿ ದಂಡೆ ಹಿಡಿದು, ಬಿದರಗುಂಡಿಗೆ ಓಡಿದ.

ಕಲ್ಲವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆ ದನಿ ಊರಹೊರಗೇ ಕೇಳುತ್ತಿತ್ತು. ಎಮ್ಮೆ ಕೂಗುವ ದನಿಯಲ್ಲ ಅದು, ಒಳಗೆ ಯಾರೋ ಹರಿದ ಬಟ್ಟೆಯನ್ನು ಇನ್ನೂ ಹರಿಯುತ್ತಿರುವಂತೆ. ಹಿತ್ತಿಲಲ್ಲಿ ಎಮ್ಮೆ ನೊಗದಷ್ಟು ದಪ್ಪದ ಗೂಟವನ್ನು ಅಲುಗಿಸುತ್ತ, ಜೊಲ್ಲು ಸುರಿಸುತ್ತ ನಿಂತಿತ್ತು. ಎದುರಿಗೆ ನೀರಿನ ಬಾನಿ ತುಂಬಿದ್ದು ತುಂಬಿದಂತೆಯೇ ಇತ್ತು. ಕಲ್ಲವ್ವ ಕೂಸನ್ನು ಬಗಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಭರಮಪ್ಪ ತೇಕುತ್ತ, ಕೂಸಿಗೆ ಹಾಲು ಹಾಕಿದಿಯಾ ಎಂದು ಕೇಳಿದ. ಇಲ್ಲ, ಮೀಸಲು ನಾಳೆ ಮುಗಿಯುತ್ತದೆ ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು. ಆಗ ಅವಳ ಬಲಗೈ ಕಂಡ. ಮುಂಗೈ ಗೀರಿ ರಕ್ತ ಹೆಪ್ಪುಗಟ್ಟಿತ್ತು. ಗಂಟಲಿಗೆ ಏನೋ ಸಿಕ್ಕಿಕೊಂಡಿದೆ, ಅದಕ್ಕೇ ನೀರು ಒಲ್ಲದು ಎಂದುಕೊಂಡು ಅವಳು ಅಂದು ಮುಂಜಾನೆ ಎಮ್ಮೆಯ ಬಾಯಿಯೊಳಗೆ ಮೊಣಕೈತನಕ ಕೈ ಹಾಕಿ ನೋಡಿದ್ದಳು.

ಅವನು ಅಲ್ಲೇ ಕೂತುಬಿಟ್ಟ. ನರಿಯ ಸಂಗತಿ ಎಲ್ಲ ಹೇಳಿದ, ಮುಳ್ಳಿನ ಮಾತನ್ನೂ ಬಿಡಲಿಲ್ಲ. ಬಂಡೆ ಹತ್ತಿ ಕರೆದೆ ಅಕ್ಕಾ, ನಿನಗೆ ಕೇಳಲಿಲ್ಲ ಎಂದ.

"ಕೇಳಿತ್ತಪ್ಪ," ಎಂದಳು ಕಲ್ಲವ್ವ. "ಹೊಳ್ಳಿ ನೋಡಬಾರದು ಅಂತ ನೋಡ್ಲಿಲ್ಲ."

ಎಮ್ಮೆ ಮರುದಿನ ಸತ್ತಿತು. ತೊಗಲು ಸುಲಿಯಲು ಬಂದವರನ್ನು ತಡೆದು ಭರಮಪ್ಪ ತಾನೇ ಗುಂಡಿ ತೋಡಿ ಹೂತ. ಕರುವನ್ನು ದೂರ ಕಟ್ಟಿಸಿದ. ಕಲ್ಲವ್ವನ ಕೈಗೆ ಬರೆ ಹಾಕಿಸಿದರು, ಬೇರು ಅರೆದು ಕುಡಿಸಿದರು, ಆಗ ಅದಕ್ಕಿಂತ ಹೆಚ್ಚಿನ ಉಪಾಯ ಯಾರಿಗೂ ಗೊತ್ತಿರಲಿಲ್ಲ. ತನ್ನ ಮನೆಯ ಇನ್ನೊಂದು ಎಮ್ಮೆಯನ್ನು ಅವನು ಹೊಡೆದು ತಂದು ಅವಳ ಹಿತ್ತಿಲಲ್ಲಿ ಕಟ್ಟಿದ. ಕೂಸು ಅದರ ಹಾಲಿನಲ್ಲಿ ತುಂಬಿಕೊಳ್ಳತೊಡಗಿತು. ಅಲ್ಲಿಂದ ಮುಂದೆ ಶುರುವಾದದ್ದು ಕಾಯುವುದು. ಸಾವಿಗಿಂತ ಆ ಕಾಯುವುದೇ ಘೋರವಾಗಿತ್ತು ಎಂದು ನಮ್ಮಜ್ಜ ಹೇಳುತ್ತಿದ್ದ. ಎಮ್ಮೆ ಮೇವು ತಿನ್ನುತ್ತದೆಯೇ ನೋಡಲು ಬಂದೆ ಎಂದು ನೆಪ ಹೇಳಿಕೊಂಡು ಭರಮಪ್ಪ ಮತ್ತೆ ಮತ್ತೆ ಹೋಗುತ್ತಿದ್ದ. ಅವನ ಕಣ್ಣು ಎಮ್ಮೆಯ ಮೇಲೆ ಇರುತ್ತಿರಲಿಲ್ಲ, ಅವಳ ಕೈಯಲ್ಲಿನ ಚೆಂಬಿನ ಮೇಲೆ ಇರುತ್ತಿತ್ತು. ಕಲ್ಲವ್ವನಿಗೆ ಅದು ತಿಳಿಯದೆ ಇರುತ್ತದೆಯೇ?

"ನಾ ನೀರು ಕುಡಿಯೂದು ನೋಡಾಕ ಬಂದಿಯೇನೋ ತಮ್ಮಾ?" ಎಂದು ನಕ್ಕಳಂತೆ ಒಮ್ಮೆ. ಅಂದಿನಿಂದ ಅವನು ಬಂದ ಕೂಡಲೇ, ಬಾಯಾರಿಕೆ ಇರಲಿ ಬಿಡಲಿ, ಅವಳು ಚೆಂಬು ತುಂಬಿ ಅವನೆದುರು ಗಟಗಟ ಕುಡಿದು ತೋರಿಸುತ್ತಿದ್ದಳು. ಅವನು ನಿಟ್ಟುಸಿರು ಬಿಟ್ಟು ಊರಿಗೆ ಮರಳುತ್ತಿದ್ದ. ಹೀಗೇ ಶ್ರಾವಣ ಹೋಯಿತು, ಮಹಾನವಮಿ ಹೋಯಿತು. ಇನ್ನೇನು ಗಂಡಾಂತರ ಕಳೆಯಿತು ಎಂದು ಎರಡೂ ಊರಿನವರು ಆಡಿಕೊಳ್ಳತೊಡಗಿದ್ದರು.

ಸೀಗಿಹುಣ್ಣಿಮೆಯ ಮಾರನೆಯ ದಿನ ಅವನು ಹೋದಾಗ ಕಲ್ಲವ್ವ ಎಂದಿನಂತೆ ಚೆಂಬು ತುಂಬಿದಳು. ತುಟಿಯ ತನಕ ತಂದಳು. ಅವಳ ಗಂಟಲು ಒಮ್ಮೆ ಸೆಳೆದುಕೊಂಡಿತು, ಕೈ ನಡುಗಿ ನೀರು ಸೀರೆಯ ಮೇಲೆ ಚೆಲ್ಲಿತು. ಅವಳು ಚೆಂಬನ್ನು ಮೆಲ್ಲಗೆ ಕೆಳಗಿಟ್ಟಳು. ಭರಮಪ್ಪ ಅಳತೊಡಗಿದ. ಅವಳು ಅಳಲಿಲ್ಲ. ತೊಡೆಯ ಮೇಲಿದ್ದ ಕೂಸನ್ನು ಎತ್ತಿ ಅವನ ಕೈಗೆ ಹಾಕಿ, ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು.

"ಇನ್ನ ಇದನ್ನ ನನ್ನ ಹತ್ರ ಬಿಡಬ್ಯಾಡ," ಎಂದಳು. "ಯಾರರ ಕರದ್ರ ಹೊಳ್ಳಿ ನೋಡಾಕ ಕಲಿಸು."

ಗುರುಬಸವ್ವ ಆ ಕೂಸನ್ನು ತನ್ನ ಮಕ್ಕಳ ಜೊತೆ ಬೆಳೆಸಿದಳು. ತಿರುಗಿ ನೋಡಬಾರದು ಎಂಬ ಕಟ್ಟಳೆ ಅಂದೇ ಮುರಿಯಿತು ಎನ್ನುತ್ತಾರೆ. ಇಂದಿಗೂ ಸಂತೆಗೆ ಹೋಗದೆ ಮನೆಯಲ್ಲೇ ದನ ಮಾರಿದರೆ, ಟೆಂಪೋದಲ್ಲಿ ಒಯ್ಯುವವರೂ ಗಾಡಿಯನ್ನು ಸೇತುವೆಯ ಬಳಿ ಬಿಟ್ಟು, ದನ ಇಳಿಸಿಕೊಂಡು ಒಮ್ಮೆ ಇಲ್ಲಿಗೆ ಬಂದು ನಿಲ್ಲುವುದನ್ನು ನೀವು ಕಾಣಬಹುದು. ಮಾರಿದವನು ಬಂಡೆಯ ಮೇಲೆ ಹತ್ತಬೇಕು. ಕೊಂಡವನು ಹಳ್ಳ ದಾಟುವ ಮೊದಲು ಹೊಳ್ಳಿ ನಿಂತು, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳುತ್ತಾನೆ. ಒದೆಯುತ್ತದೆ, ಹಗ್ಗ ಕಡಿಯುತ್ತದೆ, ಹೋದ ವರ್ಷ ದಿನ ತುಂಬದೆ ಕಂದು ಹಾಕಿತ್ತು, ಇದ್ದದ್ದನ್ನು ಮೇಲಿನಿಂದ ಕೂಗಿ ಹೇಳಬೇಕು. ಏನೂ ಇಲ್ಲದಿದ್ದರೆ ಇಲ್ಲವೆಂದೇ ಕೂಗಬೇಕು. ಒಮ್ಮೊಮ್ಮೆ ಮೇಲೆ ನಿಂತವನಿಂದ ದನಿಯೇ ಹೊರಡುವುದಿಲ್ಲ. ಆಗ ಕೊಂಡವನು ಯಾಕೆಂದು ಕೇಳುವುದಿಲ್ಲ, ದನ ಹಿಡಿದುಕೊಂಡು ಕೆಸರಹಾಳದ ಕಡೆ ವಾಪಸು ನಡೆಯುತ್ತಾನೆ.