ಗುಡ್ಡದ ಗುರುತುಗಲ್ಲು

ದೊಡ್ಡ ಕೆರೆಯ ದಡದ ಒಂದು ಕಾಡಿನಲ್ಲಿ, ನೀರಿನ ಮೇಲೆ ಬಾಗಿದಂತೆ ಒಂದು ಗುಡ್ಡವಿತ್ತು. ಮರಿಗೆ ವರ್ಷ ತುಂಬಿದ ದಿನ ತಾಯಿ ಅದನ್ನು ಗುಡ್ಡದ ತುದಿಗೆ ಕರೆದೊಯ್ದು, "ನೋಡು, ನೀನು ಕುಡಿಯೋ ನೀರು ಇಷ್ಟು" ಎಂದು ಇಡೀ ಕೆರೆ ತೋರಿಸಬೇಕು. ಅದು ಆ ಕಾಡಿನ ಪದ್ಧತಿ. ದಾರಿ ಕವಲೊಡೆದಲ್ಲೆಲ್ಲ ಹಿರಿಯರು ಕಲ್ಲಿನ ಮೇಲೆ ಕಲ್ಲಿಟ್ಟು ಗುರುತು ಮಾಡಿದ್ದರು. ಹತ್ತುವವರು ತಮ್ಮದೂ ಒಂದು ಕಲ್ಲು ಸೇರಿಸಿ ಮುಂದೆ ಹೋಗುತ್ತಿದ್ದರು.

ಆ ವರ್ಷ ಒಂದು ನರಿ ಗುಡ್ಡದ ಬುಡದಲ್ಲಿ ಬಂದು ಕೂತಿತು. "ದಾರಿ ತೋರಿಸ್ತೀನಿ, ಬುತ್ತಿಯಲ್ಲಿ ಅರ್ಧ ಕೊಡಿ" ಎಂದಿತು. ಮೊಲಗಳು ಹೆದರಿ ಕೊಟ್ಟವು. ಮುಳ್ಳುಹಂದಿ ಕೆಂಚಕ್ಕನಿಗೆ ಮಾತ್ರ ನಗು ಬಂತು. "ನಮ್ಮಜ್ಜಿ ಇಟ್ಟ ಕಲ್ಲಿರೋವಾಗ ನೀನ್ಯಾಕೋ?" ಎಂದು ಮರಿ ಚಿಕ್ಕಿಯನ್ನು ಕರೆದುಕೊಂಡು ಹತ್ತಿದಳು.

ಮೊದಲ ಕವಲಿನಲ್ಲಿ ಕಲ್ಲಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಅಂದಾಜಿನ ಮೇಲೆ ಎಡಕ್ಕೆ ತಿರುಗಿದರೆ ದಾರಿ ಬಂಡೆಯ ಅಂಚಿಗೆ ಹೋಗಿ ಮುಗಿದಿತ್ತು. ಚಿಕ್ಕಿ ಜಾರಿತು. ಕೆಳಗಿನ ಪೊದೆ ತಡೆಯದಿದ್ದರೆ ನೇರ ಕೆರೆಗೇ ಬೀಳುತ್ತಿತ್ತು. ಕೆಂಚಕ್ಕ ಹೇಗೋ ಅದನ್ನು ಎಳೆದು ಮೇಲೆ ತಂದಳು.

ಕುಂಟುವ ಮರಿಯೊಂದಿಗೆ ಇಳಿಯುವಾಗ ಪೊದೆಯ ಹಿಂದೆ ಚೆಲ್ಲಾಡಿದ ಕಲ್ಲುಗಳು ಕಂಡವು. ಸುತ್ತಲಿನ ಹಸಿಮಣ್ಣಿನ ತುಂಬ ನರಿಯ ಹೆಜ್ಜೆ. ಕೆಂಚಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬೆನ್ನಿನ ಮುಳ್ಳೆಲ್ಲ ಸೆಟೆದು ನಿಂತಿತು. ನೇರ ನರಿಯ ಮುಂದೆ ಹೋಗಿ ನಿಂತಳು.

"ಕಲ್ಲು ಬೀಳಿಸಿದ್ದು ನೀನೇ!"

"ಅಯ್ಯೋ, ಗಾಳಿಗೆ ಬಿದ್ದಿರಬೇಕು ಅಕ್ಕಾ" ಎಂದಿತು ನರಿ. ಕಳ್ಳನಿಗೊಂದು ಪಿಳ್ಳೆ ನೆವ, ನೋಡಿ.

"ಗಾಳಿಗೆ ನಾಲ್ಕು ಕಾಲು, ಉಗುರು ಬೇರೆ ಇರುತ್ತೇನೋ? ನನ್ನ ಮಗು ಸಾಯ್ತಿತ್ತು! ಅದಕ್ಕಿಂತ ನಿನಗೆ ಅರ್ಧ ಬುತ್ತಿ ಹೆಚ್ಚಾಯ್ತಾ?"

"ದಾರಿ ತೋರಿಸ್ತೀನಿ ಅಂದಿದ್ದೆನಲ್ಲ. ಮಾತು ಕೇಳಬೇಕಿತ್ತು."

ಮಾಡಬಾರದ್ದು ಮಾಡಿ, ಮೇಲೆ ಬುದ್ಧಿ ಬೇರೆ ಹೇಳಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಆ ದಿನ ಕೆಂಚಕ್ಕನಿಗೆ ಅನ್ನ ಸೇರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಅವಳು ಕಲ್ಲು ಹೊರತೊಡಗಿದಳು. ಚಿಕ್ಕಿ ಕುಂಟುತ್ತಲೇ ಜೊತೆಗೆ ಬಂತು. ನಡುಗುಡ್ಡದವರೆಗೆ ಮತ್ತೆ ಗುರುತು ಎದ್ದಿತು. ನರಿಗೆ ಹೊಟ್ಟೆಯ ಚಿಂತೆ ಹತ್ತಿತು. ಅದು ಅಡ್ಡದಾರಿ ಹಿಡಿದು ಮೇಲಕ್ಕೆ ಓಡಿ, ಅಲ್ಲಿ ಉಳಿದಿದ್ದ ಗುರುತುಗಳನ್ನೂ ಉರುಳಿಸುತ್ತಾ ತುದಿ ಮುಟ್ಟಿತು. ಆಗ ಮಳೆ ಹೊಡೆಯಿತು. ಹಿಂದೆಯೇ ಮಂಜು ಕವಿಯಿತು. ನರಿಗೆ ತನ್ನ ಬಾಲವೇ ಕಾಣಲಿಲ್ಲ. ಮೂಸಿ ಹುಡುಕೋಣವೆಂದರೆ ಮಳೆ ವಾಸನೆಯನ್ನೂ ತೊಳೆದಿತ್ತು. ಗುರುತುಗಲ್ಲಿಗೆ ತಡಕಾಡಿತು. ಕಲ್ಲೆಲ್ಲಿ? ಒಂದು ಹೆಜ್ಜೆ ತಪ್ಪಿದರೆ ಕೆರೆ.

"ಅಕ್ಕಾ, ಸತ್ತೆ! ದಾರಿ ತೋರಿಸು!"

ಕೆಂಚಕ್ಕನಿಗೆ ಕೇಳಿಸಿತು. "ಮಾಡಿದ್ದುಣ್ಣೋ ಮಹಾರಾಯ! ಆ ಗಾಳಿಯನ್ನೇ ಕೇಳು ದಾರೀನ" ಎಂದು ಕೂಗಿ ಸುಮ್ಮನೆ ಕೂತಳು.

"ಅವ್ವಾ, ಅದೂ ನನ್ನ ಹಾಗೆ ಜಾರುತ್ತೆ" ಎಂದಿತು ಚಿಕ್ಕಿ.

ಕೆಂಚಕ್ಕ ಹಲ್ಲು ಕಚ್ಚಿಕೊಂಡು ಕಲ್ಲಿಗೆ ಕಲ್ಲು ಬಡಿಯತೊಡಗಿದಳು. ಆ ಸದ್ದು ಹಿಡಿದು, ಮುಳ್ಳುಪೊದೆಗಳಲ್ಲಿ ಮೈಯೆಲ್ಲ ಗೀರಿಸಿಕೊಂಡು ನರಿ ತೆವಳುತ್ತಾ ಬಂತು. ಬಂದು ಅವಳ ಕಾಲಿಗೆ ಬಿತ್ತು.

"ಕಾಲು ಬಿಡು. ಕಲ್ಲು ಹೊರು."

ಮಂಜು ಕರಗಿತು. ನರಿ ಕಲ್ಲು ಹೊತ್ತು ಮುಂದೆ ಹತ್ತಿತು. ಕೆಂಚಕ್ಕ ಮುಳ್ಳು ಕೆದರಿಕೊಂಡೇ ಹಿಂದೆ ನಡೆದಳು. ಅದು ನಿಂತಾಗಲೆಲ್ಲ ಒಂದು ಮುಳ್ಳು ತಾಗುತ್ತಿತ್ತು. ತುದಿಯಲ್ಲಿ ಕೊನೆಯ ಕಲ್ಲಿಟ್ಟ ಮೇಲೆ ಚಿಕ್ಕಿ ಕೆರೆಯನ್ನು ನೋಡಿತು.

"ಅಬ್ಬಾ, ಇಷ್ಟು ನೀರಾ!"

ತಾಯಿ ಮಗು ಕೂತು ಬುತ್ತಿ ಬಿಚ್ಚಿದರು. ನರಿ ಬಾಯಲ್ಲಿ ನೀರೂರಿಸಿಕೊಂಡು ಹತ್ತಿರ ಸರಿಯಿತು.

"ಏಳು ಮೇಲೆ" ಎಂದಳು ಕೆಂಚಕ್ಕ. "ಆಚೆ ಬದಿಯ ದಾರೀಲಿ ನೀನು ಉರುಳಿಸಿದ ಗುರುತು ಇನ್ನೂ ಏಳು ಇದೆ."

ನೀತಿ: ಎಲ್ಲರ ದಾರಿ ಕೆಡಿಸಿದವನಿಗೆ ಕೊನೆಗೆ ತನ್ನ ದಾರಿಯೂ ಸಿಗುವುದಿಲ್ಲ.