ರಾಣಿಯ ವಯಸ್ಸು ಕೇಳಿದ ಲೆಕ್ಕ

"ಕೇಳಿರಪ್ಪೋ ಕೇಳಿರಿ, ಬೆಳ್ಮೋಡಪಟ್ಟಣದ ಜನರೇ! ದೊಡ್ಡ ಅಮ್ಮಣ್ಣಿ ಸಂಪಿಗೆದೇವಿಯವರು ಮೂರು ಒಗಟು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವನಿಗೆ ಅಮ್ಮಣ್ಣಿಯವರನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ಮೋಡದ ಬಾಗಿಲು."

ಡಂಗುರದವನ ದನಿ ಮಂಜಿನಲ್ಲಿ ತೇಲಿ ಬೀದಿಬೀದಿಗೂ ಹೋಯಿತು. ಬೆಟ್ಟದ ನೆತ್ತಿಯ ಆ ಪಟ್ಟಣದಲ್ಲಿ ಮೋಡಗಳು ಹಸುಗಳ ಹಾಗೆ ಬಂದು ಜಗಲಿಯ ಮೇಲೆ ಮಲಗುತ್ತಿದ್ದವು. ಮೋಡದ ಬಾಗಿಲೆಂದರೆ ಕೋಟೆಯ ಅಂಚಿನದು. ಅದರಾಚೆ ನೆಲವಿಲ್ಲ, ಬರೀ ಬಿಳುಪು. ದಾಟಿದವರು ಹಿಂದಿರುಗಿದ್ದಿಲ್ಲ.

ಡಂಗುರ ಕೇಳಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಸಂಪಿಗೆದೇವಿಯೇ. ಅವಳು ಒಗಟು ಒಡ್ಡಿರಲೇ ಇಲ್ಲ. ಒಳಗಿನ ಸಂಗತಿ ಬೇರೆ ಇತ್ತು. ಹೇಳಬಾರದು, ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಅವು ಅವಳ ತಂಗಿ ಮೊಗ್ಗು ಎಂಬ ಚೋಟುದ್ದದ ಹುಡುಗಿ ಗುಡ್ಡದ ಮೇಲಿನ ಗುರುವಮ್ಮನ ಹತ್ತಿರ ಹಲಗೆಯಲ್ಲಿ ಬರೆಸಿಕೊಂಡು ಬಂದ ಲೆಕ್ಕಗಳು! ಮನೆಯವರನ್ನು ಕೇಳಿ ಮಾಡಿಕೊಂಡು ಬಾ ಎಂದಿದ್ದಳಂತೆ ಗುರುವಮ್ಮ. ರಾಜ ಮುದ್ದುರಾಯ ಕಿರೀಟ ಪಕ್ಕಕ್ಕಿಟ್ಟು ಕೂತ. ರಾಣಿ ಕಸ್ತೂರಮ್ಮಣ್ಣಿ ಬೆರಳು ಮಡಿಸಿ, ಸಾಲದೆ ಬಳೆಗಳನ್ನೂ ಎಣಿಸಿದಳು. ನಿನ್ನ ತವರಿನ ತಲೆ ಮಗುವಿಗೆ ಬಂದಿದೆ ಎಂದು ಅವನು, ನಿಮ್ಮ ವಂಶದಲ್ಲಿ ಮೀಸೆ ಬಿಟ್ಟರೆ ಬೇರೇನೂ ಬೆಳೆದಿಲ್ಲ ಎಂದು ಅವಳು. ಲೆಕ್ಕ ಮಾತ್ರ ಕೂತಲ್ಲೇ ಕೂತಿತ್ತು.

ತಿಳಿಯದು ಎಂದು ಹೇಳಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಅಲ್ಲಿ ಸಿಂಹಾಸನದ ಮುಂದೆ ಯಾರೂ ಆ ಮಾತು ಆಡಬಾರದು ಎಂಬುದು ಅಜ್ಜನ ಕಾಲದ ಕಟ್ಟಳೆ. ವೈದ್ಯನಾಗಲಿ ಜೋಯಿಸನಾಗಲಿ ಏನೋ ಒಂದು ಹೇಳಿಯೇ ತೀರಬೇಕು. ಹಾಗಾಗಿ ರಾಜ ತಂಗಿಯ ಲೆಕ್ಕಕ್ಕೆ ಅಕ್ಕನನ್ನು ಪಣಕ್ಕಿಟ್ಟ, ಅಪ್ಪ ಅನ್ನಿಸಿಕೊಂಡವನು.

ಸಂಪಿಗೆಯ ಮನಸ್ಸು ಆಗಲೇ ಒಂದು ಕಡೆ ಹೋಗಿ ಕೂತಿತ್ತು, ಅದೂ ಹೋಗಬಾರದ ಕಡೆ. ತೂಗುಮಂಚ ತೂಗುವ ಓಬಳನ ಮೇಲೆ! ಅವಳು ಆ ಪಡಸಾಲೆ ದಾಟುವಾಗ ಹಗ್ಗದ ಲಯ ತಪ್ಪುತ್ತದೆ ಎಂದು ದಾಸಿಯರು ಸೆರಗಿನೊಳಗೆ ನಗುತ್ತಿದ್ದರು.

ಮೊದಲು ಬಂದವನು ಪಡುವಣ ದ್ವೀಪದ ಯುವರಾಜ, ಅತ್ತರಿನಲ್ಲೇ ಮಿಂದವನು. ಸಂಪಿಗೆ ತಂಗಿಯ ಹಲಗೆ ಹಿಡಿದು ಓದಿದಳು.

"ಒಬ್ಬಳು ಜೋಗುಳ ಹಾಡಿದರೆ ಮಗು ಒಂದು ಗಳಿಗೆಯಲ್ಲಿ ಮಲಗುತ್ತದೆ. ನಾಲ್ವರು ಒಟ್ಟಿಗೆ ಹಾಡಿದರೆ ಎಷ್ಟು ಹೊತ್ತಿಗೆ ಮಲಗುತ್ತದೆ? ತುದಿಗೆ ತುದಿ ಕಟ್ಟಿದ ದುಂಡನೆಯ ಹೂಮಾಲೆಯನ್ನು ಐದು ತುಂಡು ಮಾಡಲು ಎಷ್ಟು ಕಡೆ ಕತ್ತರಿಸಬೇಕು? ಒಬ್ಬ ರಾಜನಿಗೆ ಏಳು ಆನೆ, ಹನ್ನೊಂದು ಕುದುರೆ. ಅವನ ರಾಣಿಯ ವಯಸ್ಸೆಷ್ಟು?"

ಸಭೆಯ ಕಣ್ಣೆಲ್ಲ ಕಸ್ತೂರಮ್ಮಣ್ಣಿಯ ಕಡೆ ತಿರುಗಿತು. ಯುವರಾಜ ಕಾಲು ಗಳಿಗೆ, ನಾಲ್ಕು ಕಡೆ, ಹದಿನೆಂಟು ವರ್ಷ ಎಂದ. ಹದಿನೆಂಟು ಕೇಳಿ ರಾಣಿಯ ಮುಖ ಅರಳಿತು. ಮರುದಿನ ಮೊಗ್ಗು ಗುರುವಮ್ಮನ ಮಠದಿಂದ ಮರಳಿದಾಗ ಹಲಗೆಯ ತುಂಬ ಮಸಿ. ಒಂದೇ ತಪ್ಪಿದ್ದರೂ ಪೂರ್ತಿ ಮಸಿ ಬಳಿಯುವುದು ಗುರುವಮ್ಮನ ರೀತಿ, ಯಾವುದು ತಪ್ಪೆಂದು ಹೇಳುವವಳಲ್ಲ. ಯುವರಾಜ ಬಿಳುಪಿನೊಳಗೆ ಹೋದ, ಅತ್ತರಿನ ವಾಸನೆ ಬಾಗಿಲಲ್ಲಿ ಉಳಿಯಿತು.

ಎರಡನೆಯವನು ಮಂತ್ರಿಯ ಮಗ. ಒಂದೇ ಗಳಿಗೆ ಎಂದ. ಐದು ತುಂಡಿಗೆ ನಾಲ್ಕೇ ಪೆಟ್ಟು ಎಂದು ಮೂಗೇರಿಸಿದ. ಕೂಡುವುದಲ್ಲ, ಗುಣಿಸಬೇಕು, ಎಪ್ಪತ್ತೇಳು ವರ್ಷ ಎಂದ. ಹಲಗೆ ಬರುವವರೆಗೂ ಕಾಯುವುದು ಬೇಡ, ಈಗಲೇ ನೂಕಿ ಎಂದಳು ರಾಣಿ. ಆದರೂ ಕಾದರು. ಮತ್ತೆ ಮಸಿ.

ಅಂದು ಮಧ್ಯಾಹ್ನ ತೂಗುಮಂಚದಲ್ಲಿ ಮೊಗ್ಗು ಅರೆನಿದ್ದೆಯಲ್ಲೂ ಲೆಕ್ಕವನ್ನೇ ಗೊಣಗುತ್ತಿದ್ದಳು. ಕಿಟಕಿಯಿಂದ ಒಳಬಂದ ಮೋಡ ಮಂಚದ ಜೊತೆ ಹೋಗಿಬಂದು ಮಾಡುತ್ತಿತ್ತು. ಸಂಪಿಗೆ ಕಂಬಕ್ಕೆ ಒರಗಿ ನಿಂತಳು.

"ನಾಳೆ ನೀನು ಸಭೆಯಲ್ಲಿ ಎದ್ದು ನಿಲ್ಲುತ್ತೀಯಂತೆ. ಬೇಡ ಓಬಳ."

"ಬೇರೆಯವರು ನಿಂತು ಗೆದ್ದರೆ, ಅಮ್ಮಣ್ಣಿ?"

"ಯಾರನ್ನೋ ಕಟ್ಟಿಕೊಂಡು ಬದುಕಿರುತ್ತೇನೆ. ನೀನೂ ಎಲ್ಲೋ ಇರುತ್ತೀಯ."

"ಹಾಗೆ ಇರುವುದು ನನಗೆ ಬೇಡ," ಎಂದು ಅವನು ಹಗ್ಗ ಎಳೆದ.

ಮರುದಿನ ಹಗ್ಗ ಜಗ್ಗುವವನು ಮುಂದೆ ಬಂದಾಗ ಸಭೆಗೆ ನಗು ತಡೆಯಲಾಗಲಿಲ್ಲ. ಸಂಪಿಗೆ ಲೆಕ್ಕ ಓದುವಾಗ ಅವಳ ದನಿ ಎರಡು ಕಡೆ ಮುರಿಯಿತು. ಓಬಳ ಒಂದೇ ಗಳಿಗೆ ಎಂದ, ಐದು ಕಡೆ ಎಂದ. ಮೂರನೆಯದಕ್ಕೆ ರಾಣಿಯತ್ತ ನೋಡಲೂ ಇಲ್ಲ, ಕೈಮುಗಿದ.

"ತಿಳಿಯದು, ಬುದ್ಧಿ."

ಸಿಂಹಾಸನದ ಮುಂದೆ ಆಡಬಾರದ ಮಾತು! ಭಟರು ಹಲಗೆಗೆ ಕಾಯದೆ ಅವನ ತೋಳು ಹಿಡಿದು ಎಳೆದರು. ಆಗ ಮೊಗ್ಗು ಹಲಗೆ ಎದೆಗವಚಿಕೊಂಡು, ಅವನು ಹೇಳಿದ್ದನ್ನೇ ಬರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಮುಟ್ಟಿದರೆ ಊಟ ಮಾಡುವುದಿಲ್ಲ ಎಂದಳು. ಮಗಳ ಹಟದ ಮುಂದೆ ರಾಜನ ಮೀಸೆ ಇಳಿಯಿತು.

ಓಬಳನನ್ನು ಮೋಡದ ಬಾಗಿಲ ಬಳಿಯೇ ಕೂರಿಸಿದ್ದರು. ಸಂಪಿಗೆ ಉಪ್ಪರಿಗೆಯಿಂದ ಗುಡ್ಡದ ದಾರಿ ನೋಡಿದಳು. ದಾರಿಯೂ ಕಾಣದು, ಬಾಗಿಲೂ ಕಾಣದು, ಎರಡೂ ಒಂದೇ ಬಿಳುಪು. ಕೊನೆಗೆ ಆ ಬಿಳುಪಿನೊಳಗಿಂದ ಒಂದು ಹಳದಿ ಚುಕ್ಕೆ ತೂಗಾಡುತ್ತ ಬಂತು. ಹಲಗೆಗೆ ಗುರುವಮ್ಮ ಹಚ್ಚಿದ ಅರಿಸಿನ, ಎಲ್ಲವೂ ಸರಿ ಎಂಬ ಗುರುತು!

ಹೇಗೆಂದು ಬಿಡಿಸಿ ಹೇಳು ಎಂದ ರಾಜ.

"ನಿದ್ದೆ ಹೊರೆಯಲ್ಲ ಬುದ್ಧಿ, ನಾಲ್ವರು ಹೊತ್ತರೆ ಬೇಗ ಇಳಿಯುವುದಕ್ಕೆ. ಮಗು ತನ್ನ ಹೊತ್ತಿಗೇ ಮಲಗುತ್ತದೆ. ದುಂಡು ಮಾಲೆಗೆ ತುದಿಯಿಲ್ಲ. ಮೊದಲ ಕತ್ತರಿಗೆ ಅದು ಬಿಚ್ಚಿಕೊಳ್ಳುತ್ತದೆ ಅಷ್ಟೆ, ಎರಡಾಗುವುದಿಲ್ಲ. ಅದಕ್ಕೇ ಐದು. ಇನ್ನು ಆನೆ ಕುದುರೆ ಎಣಿಸಿದರೆ ಹೆಂಗಸಿನ ವಯಸ್ಸು ಸಿಗುವುದೇ? ಆ ಮಗುವಿಗೆ ಗುರುವಮ್ಮ ಕಲಿಸಬೇಕೆಂದಿದ್ದದ್ದು ತಿಳಿಯದು ಎಂಬ ಇದೊಂದೇ ಮಾತು. ಅದನ್ನು ಈ ಮನೆಯಲ್ಲಿ ಯಾರೂ ಹೇಳಿಕೊಡುವ ಹಾಗಿರಲಿಲ್ಲ."

ತೂಗುಮಂಚದವನಿಗೆ ಮಗಳನ್ನು ಕೊಡುವುದೇ ಎಂದು ಮಂತ್ರಿ ಕೆಮ್ಮಿದ. ಆದರೆ ತನ್ನ ವಯಸ್ಸು ಯಾರಿಗೂ ತಿಳಿಯದೆಂದು ತುಂಬಿದ ಸಭೆಯಲ್ಲಿ ಸಿದ್ಧವಾದ ಮೇಲೆ ಕಸ್ತೂರಮ್ಮಣ್ಣಿಗೆ ಇಂಥ ಅಳಿಯ ಬೇರೆಲ್ಲಿ ಸಿಕ್ಕಾನು? ಕೊಟ್ಟ ಮಾತು ಕೊಟ್ಟದ್ದೇ ಎಂದಳು. ಅರ್ಧ ರಾಜ್ಯ ಓಬಳನದಾಯಿತು.

ನಿನಗೆ ಒಪ್ಪಿಗೆಯೇ ಎಂದು ಮುದ್ದುರಾಯ ದೊಡ್ಡ ಮಗಳನ್ನು ಕೇಳಿದ್ದು ಅದೇ ಮೊದಲು. ಅವಳು ಮೆಟ್ಟಿಲಿಳಿದು ಹೋಗಿ, ಜೋಯಿಸ ಪಂಚಾಂಗ ಬಿಚ್ಚುವ ಮೊದಲೇ, ಹಗ್ಗ ಎಳೆದು ದಡ್ಡುಗಟ್ಟಿದ ಆ ಕೈಯನ್ನು ಎಲ್ಲರೆದುರು ಹಿಡಿದುಕೊಂಡಳು. ಮುಹೂರ್ತಕ್ಕೂ ಕಾಯದ ನಾಚಿಕೆಗೇಡಿ ಎಂದು ಬೆಳ್ಮೋಡಪಟ್ಟಣ ಇವತ್ತಿಗೂ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಅವಳಂತೂ ಬಿಡಲಿಲ್ಲ.